ಹಿತ್ತಲ ನಲ್ಲಿಯಲ್ಲಿ ತೊಳೆದ ಬೂದಿ

ಮೊನ್ನೆ ದುರ್ಗದಬೈಲಿನ ಪೇಟೆಯಿಂದ ತಂದ ವಿಭೂತಿ ಗಟ್ಟಿಯ ಕಾಗದ ಬಿಚ್ಚಿದೆ. ಆ ಒಣ ವಾಸನೆ ಮೂಗಿಗೆ ಬಡಿದದ್ದೇ ತಡ, ಬಾಜೂ ಮನೆಯ ಕಾಕು ನೆನಪಾದರು. ವಿಭೂತಿ ಕಂಡರೆ ಕ್ಯಾಥೊಲಿಕ್ ಹೆಣ್ಣುಮಗಳು ಯಾಕೆ ನೆನಪಾಗಬೇಕು ಎಂದು ಕೇಳಿದರೆ, ಹೇಳುತ್ತೇನೆ.

ನಾನು ಹುಬ್ಬಳ್ಳಿಗೆ ಸೊಸೆಯಾಗಿ ಬಂದಾಗಲೇ ಕಾಕುವಿನ ಮದುವೆಯಾಗಿ ಬಹಳ ವರ್ಷಗಳಾಗಿದ್ದವು. ಅವರು ರೈಲ್ವೆ ವರ್ಕ್‌ಶಾಪಿನ ಫಿಟ್ಟರ್ ಒಬ್ಬರ ಮಗಳು. ಗಂಡ, ಅಂದರೆ ನಮಗೆ ಕಾಕಾ, ಲಿಂಗವಂತರು, ಹತ್ತಿ ವ್ಯಾಪಾರ. ಮೂರೆಳೆ ವಿಭೂತಿ ಇಲ್ಲದೆ ಹೊಸ್ತಿಲು ದಾಟಿದವರಲ್ಲ. ಇಬ್ಬರೂ ಮೆಚ್ಚಿಯೇ ಮದುವೆಯಾದವರು. ಆಗ ಕಾಕಾ ಒಂದೇ ಕರಾರು ಹಾಕಿದ್ದರಂತೆ: ಚರ್ಚಿಗೆ ಬೇಕಾದರೆ ಹೋಗು, ಆದರೆ ಅಲ್ಲಿಯದು ಅಲ್ಲೇ ಇರಲಿ, ಮನೆಯೊಳಗೆ ಏನೂ ಬರಬಾರದು. ಕಾಕು ಒಪ್ಪಿದ್ದರು. ದಿನಾ ಬೆಳಿಗ್ಗೆ ಗಂಡನ ಲಿಂಗಪೂಜೆಗೆ ನೀರು, ಪತ್ರಿ, ವಿಭೂತಿ ಅಣಿ ಮಾಡಿಡುತ್ತಿದ್ದವರೂ ಅವರೇ. ಅದರಲ್ಲಿ ಮಾತ್ರ ಕಾಕಾಗೆ ಯಾವ ತೊಡಕೂ ಕಾಣಿಸಲಿಲ್ಲ, ನೋಡಿ!

ವರ್ಷಕ್ಕೊಂದು ದಿನ ಆ ಕರಾರು ಕಷ್ಟವಾಗುತ್ತಿತ್ತು. ಈಸ್ಟರಿಗೆ ಮೊದಲಿನ ಉಪವಾಸ ಶುರುವಾಗುವ ಬೂದಿ ಬುಧವಾರ. ಅಂದು ಪಾದ್ರಿಗಳು ಹಣೆಗೆ ಬೂದಿಯಲ್ಲಿ ಶಿಲುಬೆ ಬರೆಯುತ್ತಾರೆ. ಕಾಕು ಸೆರಗು ಮುಂದೆಳೆದುಕೊಂಡು ನೇರ ನಮ್ಮ ಹಿತ್ತಲಿಗೆ ಬಂದು, ನಲ್ಲಿ ಬಿಟ್ಟು ಹಣೆ ತೊಳೆಯುತ್ತಿದ್ದರು. ನಾನು ಟವೆಲ್ ಹಿಡಿದು ನಿಲ್ಲುತ್ತಿದ್ದೆ.

ಅವರ ಅಪ್ಪ ತೀರಿಕೊಂಡ ವರ್ಷ ಕಾಕು ಹಿತ್ತಲಿಗೆ ಬರಲಿಲ್ಲ. ಹಣೆಯ ಬೂದಿ ಹಾಗೇ ಇಟ್ಟುಕೊಂಡು ತಮ್ಮ ಮನೆಯ ಮೆಟ್ಟಿಲು ಹತ್ತಿದರು. ಕಾಕಾ ಬಾಗಿಲಿಗೆ ಅಡ್ಡ ನಿಂತರು.

“ಒರಸ್ಕೊಂಡು ಒಳಗ ಬಾ.”

“ನಿಮ್ಮ ಹಣಿಮ್ಯಾಲಿಂದು ಒರಸ್ಕೋರಿ ಅಂತ ನಾ ಎಂದಾರ ಅಂದೇನೇನ್ರಿ?” ಕಾಕು ಮೆಟ್ಟಿಲ ಮೇಲೇ ನಿಂತು ಕೇಳಿದರು. “ನಮ್ಮಪ್ಪ ಹೋದ ವರ್ಷರೀ ಇದು.”

“ಕರಾರು ಅಂದ್ರ ಕರಾರು.”

ಓಣಿಯ ಕಿಟಕಿಗಳೆಲ್ಲ ತೆರೆದುಕೊಂಡವು. ಕಾಕು ಇಳಿದು ಬಂದು ನಮ್ಮ ಮನೆಯ ಕಟ್ಟೆಯ ಮೇಲೆ ಕೂತರು. ನಮ್ಮ ಅತ್ತೆ ಚಹಾ ಕೊಟ್ಟರೂ ಮುಟ್ಟಲಿಲ್ಲ, ಅಂದು ಅವರಿಗೆ ಉಪವಾಸ. ಅತ್ತ ಕಾಕಾ ಕೂಡ ಅಂಗಡಿಗೆ ಹೋಗದೆ, ಉಣ್ಣದೆ ಪಡಸಾಲೆಯಲ್ಲೇ ಕೂತಿದ್ದರು. ಒಳಗೆ ಬಿಟ್ಟುಕೊಳ್ಳದಿದ್ದರೆ ಈ ಹೆಂಗಸು ಎಲ್ಲಿಗೆ ಹೋಗಬೇಕು? ಅಪ್ಪನಿಲ್ಲದ ತವರು... ಬಿಸಿಲು ಏರಿತು. ಬೆವರಿಳಿದು ಬೂದಿ ಹುಬ್ಬಿಗೆ ಹರಿಯಿತು. ಕಾಕು ಕೈಯೆತ್ತಿ ಒರೆಸಿಕೊಳ್ಳಲೇ ಇಲ್ಲ.

ಇಳಿಹೊತ್ತಿಗೆ ಕಾಕಾ ಕಟ್ಟೆಯ ಹತ್ತಿರ ಬಂದು ಹೆಂಡತಿಯ ಹಣೆಯನ್ನೇ ನೋಡಿದರು.

“ಹೋಗೇತಿ. ಈಗ ಬಾ,” ಎಂದರು.

ಕಾಕು ಹಣೆ ಮುಟ್ಟಿ ನೋಡಿಕೊಂಡರು. ಬೆರಳಿಗೆ ಬರೀ ಬೆವರು. ಎದ್ದು ಗಂಡನ ಹಿಂದೆ ನಡೆದರು. ನನಗೆ ಮೈಯೆಲ್ಲ ಉರಿದುಹೋಯಿತು. ಆ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ. ಮರುವರ್ಷದಿಂದ ಬೂದಿ ಬುಧವಾರ ಕಾಕು ಚರ್ಚಿಗೇ ಹೋಗಲಿಲ್ಲ. ಗಂಡನ ಪೂಜೆಗೆ ಪತ್ರಿ ಮಾತ್ರ ತಪ್ಪದೆ ಇಡುತ್ತಿದ್ದರು.

ಕಾಕು ತೀರಿಕೊಂಡದ್ದು ಶ್ರಾವಣದಲ್ಲಿ. ಎಲ್ಲಿ ಮಣ್ಣು ಮಾಡಬೇಕೆಂದು ಎರಡೂ ಕಡೆಯವರು ಜಗಳಕ್ಕೆ ನಿಂತರು. ಕಾಕಾ ಯಾರ ಮಾತೂ ಕೇಳದೆ ಕ್ಯಾಥೊಲಿಕರ ಸ್ಮಶಾನಕ್ಕೇ ಒಯ್ದರು. ಪೆಟ್ಟಿಗೆ ಮುಚ್ಚುವ ಮೊದಲು ಪಾದ್ರಿಗಳ ಮುಂದೆ ಕೈ ಜೋಡಿಸಿದರು.

“ಫಾದರ್ ರೀ, ಅಕಿ ಹಣಿಗೆ ನಿಮ್ಮ ಬೂದಿ ಹಚ್ರಿ.”

ಪಾದ್ರಿಗಳು ಮೆಲ್ಲಗೆ, “ಅದನ್ನ ವರ್ಷಕ್ಕ ಒಂದ ದಿನ ಹಚ್ಚತೇವ್ರಿ, ಯಜಮಾನ್ರ. ಇವತ್ತಲ್ಲರಿ,” ಎಂದರು.

“ಒಂದ ದಿನ...” ಎಂದರು ಕಾಕಾ. ಮೂರೆಳೆಯ ಹಣೆ ತಗ್ಗಿಸಿ ಅಲ್ಲೇ ನಿಂತುಬಿಟ್ಟರು.

ಈಗ ಕಾಕಾನೂ ಇಲ್ಲ. ಬಾಜೂ ಮನೆಗೆ ಬೇರೆಯವರು ಬಂದಿದ್ದಾರೆ. ಹೊಸ ಗಟ್ಟಿಯನ್ನು ದೇವರ ಜಗಲಿಯ ಮೇಲಿಟ್ಟು, ಕೈ ತೊಳೆಯಲು ಹಿತ್ತಲಿಗೆ ಹೋದೆ. ನಲ್ಲಿ ಬಿಟ್ಟೆ. ಬೆರಳಿಗಂಟಿದ ವಿಭೂತಿ ನೀರು ಬಿದ್ದೊಡನೆ ಹೋಯಿತು. ಕಾಕೂ, ನಿಮ್ಮದೂ ಹೀಗೇ ಹೋಗುತ್ತಿತ್ತು... ಒದ್ದೆ ಕೈಯಲ್ಲಿ ಬಹಳ ಹೊತ್ತು ನಿಂತಿದ್ದೆ. ಟವೆಲ್ ಹಿಡಿದು ನಿಂತವರು ಯಾರೂ ಇರಲಿಲ್ಲ.