ಸ್ನೋ ಬ್ಲೋವರ್ ಚಕ್ರದಡಿಯ ನಿಂಬೆಹಣ್ಣು

ನಿಂಬೆಹಣ್ಣು ಎಂಟು ತಿಂಗಳು ಒಣಗಿದರೆ ಕ್ರಿಕೆಟ್ ಚೆಂಡಿನಷ್ಟು ಗಟ್ಟಿಯಾಗುತ್ತದೆ ಎಂಬ ದಿವ್ಯಜ್ಞಾನ ನನಗೆ ಪ್ರಾಪ್ತವಾದದ್ದು ಎಪ್ಪಿಂಗ್ ಬಡಾವಣೆಯ ಒಂದು ಗ್ಯಾರೇಜಿನೆದುರು, ನನ್ನ ಸ್ನೋ ಬ್ಲೋವರ್‌ನ ಚಕ್ರದಡಿಯಲ್ಲಿ. ಸ್ನೋ ಬ್ಲೋವರ್ ಎಂದರೆ ದಾರಿಗೆ ಬಿದ್ದ ಹಿಮವನ್ನು ಬಾಚಿ ಪಕ್ಕಕ್ಕೆ ತೂರುವ ಯಂತ್ರ. ಸಿಡ್ನಿಯಲ್ಲಿ ಹಿಮ ಎಲ್ಲಿ ಬೀಳುತ್ತದೆ ಎಂದು ನೀವೂ ಕೇಳಬೇಡಿ, ಉಳಿದವರೆಲ್ಲ ಕೇಳಿಯಾಗಿದೆ.

ಮೆಲ್ಬರ್ನ್‌ನ ಗೆಳೆಯನ ಮನೆಯೆದುರು, ಕೌನ್ಸಿಲ್‌ನ ಕಸದ ಲಾರಿಯವರು ಒಯ್ಯಲೆಂದು ಫುಟ್‌ಪಾತಿನಲ್ಲಿಟ್ಟಿದ್ದ ಹರಿದ ಸೋಫಾಗಳ ನಡುವೆ ಅದು ನಿಂತಿತ್ತು. ಬಾಡಿಗೆ ವ್ಯಾನಿನಲ್ಲಿ ಹೇರಿಕೊಂಡು ಬಂದೆ. ಕಾರ್ಬುರೇಟರ್ ಬಿಚ್ಚಿದರೆ ಹಳೆಯ ಪೆಟ್ರೋಲು ಬೆಲ್ಲದ ಪಾಕದಂತೆ ಅಂಟಿಕೊಂಡಿತ್ತು. ದುಡಿಸಿ ಸವೆಸಿದ್ದಲ್ಲ ಅದು, ಸುಮ್ಮನೆ ನಿಲ್ಲಿಸಿಯೇ ಕೊಂದದ್ದು. ಡಯಲ್-ಅಪ್ ಇಂಟರ್ನೆಟ್ಟಿನಲ್ಲಿ ಅಮೆರಿಕದವರ ಫೋರಮ್ ಓದಿ, ಎರಡು ಸಲ ತಪ್ಪಾಗಿ ಜೋಡಿಸಿ, ಮೂರನೆಯ ಸಲ ಜೀವ ತುಂಬಿದೆ. ಅವರು ಏಪ್ರಿಲ್‌ನಲ್ಲಿ ಎತ್ತಿಡಿ ಎನ್ನುತ್ತಾರೆ. ನಮ್ಮ ತಿರುಗುಮುರುಗು ಋತುಮಾನಕ್ಕೆ ಅದು ಅಕ್ಟೋಬರ್, ಅಂದರೆ ಸರಿಯಾಗಿ ಆಯುಧಪೂಜೆ!

ಆ ದಿನ ಟ್ಯಾಂಕು ಬಸಿದು, ಉಳಿದ ಪೆಟ್ರೋಲು ಉರಿದು ತಾನಾಗಿ ನಿಲ್ಲುವವರೆಗೆ ಓಡಿಸಿ, ಬಿಸಿ ಆರುವ ಮುನ್ನ ಆಯಿಲ್ ಬದಲಿಸಿ, ಪ್ಲಗ್ ಬಿಚ್ಚಿ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಬಿಟ್ಟು, ಮತ್ತೆ ಪ್ಲಗ್ ತಿರುಗಿಸಿ, ಪ್ಲಾಸ್ಟಿಕ್ ಹೊದಿಸಿದರೆ ಒಳಗೇ ಬೆವತು ತುಕ್ಕು ಹಿಡಿದೀತೆಂದು ನನ್ನ ಹತ್ತಿಯ ಪಂಚೆಯನ್ನೇ ತಂದೆ. ಅಷ್ಟರಲ್ಲಿ ಮನೆಯ ಒಡತಿ, ಮೈಸೂರಿನ ಶ್ಯಾಮಲಾ ಆಂಟಿ, ಕುಂಕುಮ ಹಚ್ಚಿ ಒಂದು ಚಕ್ರದಡಿ ನಿಂಬೆಹಣ್ಣಿಟ್ಟರು.

"ಸ್ಟಾರ್ಟ್ ಮಾಡಪ್ಪ, ಹಣ್ಣಿನ್ ಮೇಲೆ ಹತ್ಸು."

"ಈಗಾಗಲ್ಲ ಆಂಟಿ, ಪೆಟ್ರೋಲ್ ತೆಗ್ದಿದೀನಿ. ಜೂನ್‌ಗೆ, ಚಳಿ ಬಂದಾಗ."

"ಪೂಜೆ ದಿನಾನೇ ಓಡ್ದಿರೋ ಗಾಡಿಗೆ ನನ್ ಗ್ಯಾರೇಜ್ ಯಾಕೋ? ಈ ಊರಲ್ಲಿ ಐಸ್ ಇರೋದು ಫ್ರಿಡ್ಜಲ್ಲಿ!"

"ನಿಮ್ ಟ್ರೆಡ್‌ಮಿಲ್ ಮೇಲೆ ಸೀರೆ ಒಣಗ್ತಿಲ್ವಾ?"

ಆಂಟಿ ನಗಲಿಲ್ಲ. "ಜೂನಲ್ಲಿ ಮೂರೇ ಸಲ ಹಗ್ಗ ಎಳೀಬೇಕು. ಸ್ಟಾರ್ಟ್ ಆಗ್ಲಿಲ್ವೋ, ಕೌನ್ಸಿಲ್ ಕಸಕ್ಕೆ."

"ಆಯ್ತು. ಆ ಹಣ್ಣು ಮಾತ್ರ ಅಲ್ಲೇ ಇರ್ಲಿ."

ಒಮ್ಮೆ ಗುಟ್ಟಾಗಿ ಪರೀಕ್ಷಿಸಿಬಿಡು ಎಂದು ಚಾಟ್ಸ್‌ವುಡ್ ಆಫೀಸಿನ ಗೆಳೆಯರೆಲ್ಲ ಹೇಳಿದರು. ಒಪ್ಪಲಿಲ್ಲ. ನನ್ನ ಕೆಲಸದ ಮೇಲೆ ನನಗೇ ನಂಬಿಕೆಯಿಲ್ಲದಿದ್ದರೆ ಪಂಚೆ ಹೊದಿಸಿದ್ದಾದರೂ ಏತಕ್ಕೆ?

ಜೂನ್‌ನ ಲಾಂಗ್ ವೀಕೆಂಡ್ ಬಂತು. ಡ್ರೈವ್‌ವೇಗೆ ತಳ್ಳಿ, ಅದೇ ಹಣ್ಣನ್ನು ಮತ್ತೆ ಚಕ್ರದೆದುರಿಗಿಟ್ಟು, ಹೊಸ ಪೆಟ್ರೋಲು ಸುರಿದೆ. ಮೊದಲ ಎಳೆತಕ್ಕೆ ನಿಟ್ಟುಸಿರು. ಎರಡನೆಯದಕ್ಕೆ ಒಂದು ಕೆಮ್ಮು. ಆಂಟಿಯ ಕಣ್ಣು ಆಗಲೇ ಫುಟ್‌ಪಾತಿನಲ್ಲಿ ಜಾಗ ಅಳೆಯುತ್ತಿತ್ತು. ಮೂರನೆಯದಕ್ಕೆ ಬೀದಿಯೇ ತಿರುಗಿ ನೋಡುವಂತೆ ಅಬ್ಬರಿಸಿ ಬಿಳಿಹೊಗೆ ಉಗುಳಿತು.

"ಅಯ್ಯೋ, ಬೆಂಕಿ ಕಣೋ!"

"ಬೆಂಕಿ ಅಲ್ಲ ಆಂಟಿ! ಅವತ್ತು ನಾನ್ ಹಾಕಿದ್ ಎಣ್ಣೆ!"

ಗೇರು ಹಾಕಿದೆ. ಚಕ್ರ ಹತ್ತಿತು. ಆ ಹಠಮಾರಿ ಹಣ್ಣು ಅಪ್ಪಚ್ಚಿಯಾಗದೆ ಪುಟಿದು, ಡ್ರೈವ್‌ವೇ ಇಳಿದು, ಚರಂಡಿಯಂಚಿಗೆ ಹೋಗಿ ನಿಂತಿತು. ಆಂಟಿ ಅದನ್ನೂ ನನ್ನನ್ನೂ ನೋಡಿದರು.

"ಅಕ್ಟೋಬರ್‌ಗೆ ಹೊಸಾದ್ ತರ್ತೀನಿ ಬಿಡು," ಎಂದು ಒಳಗೆ ಹೊರಟವರು ಬಾಗಿಲಲ್ಲಿ ತಿರುಗಿದರು. "ಎರಡು ತರ್ತೀನಿ. ಟ್ರೆಡ್‌ಮಿಲ್‌ಗೂ ಬೇಕಲ್ಲ."

ಹಳೆಯದನ್ನು ಹೆಕ್ಕಿ ಪಂಚೆಗೆ ಒರೆಸಿದೆ. ಅಲುಗಿಸಿದರೆ ಒಳಗೆ ಬೀಜಗಳು ಗಲಗಲ ಎಂದವು.