ಸೂರ್ಯನ ಪೊಟ್ಟಣ, ಚಂದ್ರನ ಪೊಟ್ಟಣ

ಪರಾಗ್ವಾಸು ನದಿ ದಂಡೆಯ ಆ ಬೀದಿಯಲ್ಲಿ ಐವನೆಟೆಯ ಬೈಗುಳ ಯಾರಿಗೂ ಹೊಸದಲ್ಲ. ಇಪ್ಪತ್ತಮೂರು ವರ್ಷದಿಂದ ನೀಲಿ ಅಂಗಿ ತೊಟ್ಟು, ಹೆಗಲಿಗೆ ಬಿಪಿ ಯಂತ್ರದ ಚೀಲ ಹಾಕಿಕೊಂಡು ನೂರಾ ನಲವತ್ತು ಮನೆಗಳ ಬಾಗಿಲು ತಟ್ಟುವುದೇ ಅವಳ ಕೆಲಸ. ಯಾರು ಬಸುರಿ, ಯಾರ ಮಗುವಿಗೆ ಚುಚ್ಚುಮದ್ದು ಬಾಕಿ, ಕಾಳು ಬೇಯಿಸುವಾಗ ಯಾರು ಕದ್ದುಮುಚ್ಚಿ ಉಪ್ಪುಮಾಂಸ ಹಾಕುತ್ತಾರೆ, ಎಲ್ಲ ಅವಳಿಗೆ ಗೊತ್ತು. ಎಲ್ಲ ಗೊತ್ತೆಂಬ ಜಂಬವೂ ಇತ್ತು. ಅದನ್ನು ಮುಚ್ಚಿಡುವ ಹೆಂಗಸೂ ಅವಳಲ್ಲ.

ಮೊದಲು ಅವಳೂ ಕಾಂಡ್ಲಾ ಕಾಡಿನ ಕೆಸರಿನಲ್ಲಿ ಕಪ್ಪೆಚಿಪ್ಪು ಆರಿಸುತ್ತಿದ್ದವಳೇ. ಅವಳ ತಾಯಿ ನಲವತ್ತೊಂಬತ್ತನೇ ವಯಸ್ಸಿಗೆ ಅದೇ ಕೆಸರಿನಲ್ಲಿ ಕುಸಿದು, ಒಂದು ಮಗ್ಗುಲು ಸ್ವಾಧೀನ ತಪ್ಪಿ ಆರು ವರ್ಷ ಮಲಗಿದ್ದಳು. ಬಿಪಿ ಎಂಬ ಮಾತು ಆ ಮನೆಯವರ ಕಿವಿಗೆ ಬಿದ್ದದ್ದೇ ಆಮೇಲೆ. ಆರೋಗ್ಯ ಕೇಂದ್ರದವರು ಬೀದಿಯವರನ್ನೇ ಒಬ್ಬರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಾರೆಂದು ಗೊತ್ತಾದಾಗ ಐವನೆಟೆ ಎಲ್ಲರಿಗಿಂತ ಮೊದಲು ಹೋಗಿ ನಿಂತಿದ್ದಳು.

ಓದು ಬಾರದವರಿಗೆ ಅವಳು ಮಾತ್ರೆಗಳನ್ನು ಪುಟ್ಟ ಕಾಗದದ ಪೊಟ್ಟಣ ಕಟ್ಟಿ ಕೊಡುತ್ತಾಳೆ. ಬೆಳಗಿನದರ ಮೇಲೆ ಸೂರ್ಯ, ರಾತ್ರಿಯದರ ಮೇಲೆ ಚಂದ್ರ. ಶುಕ್ರವಾರ ಬಂದು ಖಾಲಿ ಕಾಗದ ಎಣಿಸುತ್ತಾಳೆ. ಏಳು ಸೂರ್ಯ, ಏಳು ಚಂದ್ರ ಇರಬೇಕು. ಒಂದು ಪೊಟ್ಟಣ ತುಂಬಿದ್ದು ಸಿಕ್ಕಿತೋ, ನೆರೆಮನೆಗೂ ಕೇಳುವಂತೆ ಮಂಗಳಾರತಿ.

ಝುಲ್ಮೀರಾಳ ಮನೆಯಲ್ಲಿ ಲೆಕ್ಕ ಯಾವತ್ತೂ ಸರಿ. ಆದರೂ ಅರವತ್ತೊಂದರ ಆ ಹೆಂಗಸಿನ ಬಿಪಿ ನೂರಾ ಎಪ್ಪತ್ತರಿಂದ ಕೆಳಗಿಳಿಯಲಿಲ್ಲ.

"ಒಣಸಿಗಡಿ ತಿಂದ್ರಾ?"

"ಮೂಸಿ ಕೂಡ ನೋಡಿಲ್ಲ ಕಣೇ. ನಿನ್ನ ಭಯಕ್ಕೆ ಗಂಜಿ ಕುಡಿಯೋ ಕೋಳಿ ಆಗಿದೀನಿ."

"ಮತ್ತೆ ಯಾಕೆ ಇಳೀತಿಲ್ಲ?"

"ಅದನ್ನ ಯಂತ್ರ ಹಿಡ್ಕೊಂಡಿರೋಳು ಹೇಳ್ಬೇಕು. ನನ್ನ ಕೇಳಿದ್ರೆ?"

ಐವನೆಟೆಗೆ ನಗು ಬರಲಿಲ್ಲ, ಹೆದರಿಕೆ ಬಂತು. ಝುಲ್ಮೀರಾ ಈಗಲೂ ದಿನಾ ಕೆಸರಿಗೆ ಇಳಿಯುವವಳು. ತನ್ನ ತಾಯಿಗಾದದ್ದೇ ಇವಳಿಗೂ ಆದರೆ? ಎಂಟು ತಿಂಗಳು ನೋಡಿ, ವೈದ್ಯರಿಗೆ ಗಂಟುಬಿದ್ದು ಇನ್ನೊಂದು ಬಗೆಯ ಮಾತ್ರೆ ಬರೆಸಿದಳು. ಪ್ರತಿ ಪೊಟ್ಟಣಕ್ಕೂ ಒಂದೊಂದು ಹೆಚ್ಚಾಯಿತು.

ಎರಡೇ ವಾರ ಕಳೆದಿತ್ತು. ಒಂದು ಗುರುವಾರ ಬೆಳಿಗ್ಗೆ ಝುಲ್ಮೀರಾ ಕೆಸರಿನಲ್ಲಿ ಕುಸಿದಳು. ಜೊತೆಯ ಹೆಂಗಸರು ಎತ್ತಿಕೊಂಡು ಆಸ್ಪತ್ರೆಗೆ ಓಡಿದರು. ಬಿಪಿ ಏರಿರಲಿಲ್ಲ, ಪಾತಾಳಕ್ಕೆ ಇಳಿದಿತ್ತು.

ಮರುದಿನ ಐವನೆಟೆ ಹಾಸಿಗೆಯ ಪಕ್ಕ ಕೂತಳು. ಝುಲ್ಮೀರಾಳ ಕೈಗೆ ಸಲೈನ್ ಹಾಕಿದ್ದರು, ಬಾಯಿ ಮಾತ್ರ ಸರಿಯಾಗಿತ್ತು.

"ಸೂರ್ಯ ನಂದು, ಚಂದ್ರ ಕೊಂಪಾದ್ರೆದು. ಮೊದಲಿಂದ್ಲೂ ಹಾಗೇನೇ."

ಕೊಂಪಾದ್ರೆ ಎಂದರೆ ವಲ್ದೆಮಾರ್, ಅಕ್ಕಪಕ್ಕದ ಹಳ್ಳಿಗಳಿಗೆ ಜನರನ್ನು ದಾಟಿಸುವ ದೋಣಿಯವನು. ಝುಲ್ಮೀರಾಳ ಮಗನ ಜ್ಞಾನಸ್ನಾನದಲ್ಲಿ ಮಗುವನ್ನು ಎತ್ತಿ ಹಿಡಿದವನು. ಆ ಬೀದಿಯಲ್ಲಿ ಅದು ಒಡಹುಟ್ಟಿದವರಿಗಿಂತ ಹತ್ತಿರದ ನಂಟು. ಅವನಿಗೂ ತಲೆ ಸುತ್ತುತ್ತಿತ್ತು. ಬಿಪಿ ಇದೆಯೆಂದು ಎಲ್ಲಾದರೂ ದಾಖಲಾದರೆ ದೋಣಿಯ ಪರವಾನಗಿ ಹೋಗುತ್ತದೆಂದು ನಂಬಿ ಅವನು ಆರೋಗ್ಯ ಕೇಂದ್ರದತ್ತ ತಲೆಹಾಕಿರಲಿಲ್ಲ. ಆ ನಂಟಿನಲ್ಲಿ ಅವನಿಗೆ ಕೊಮಾದ್ರೆಯಾದ ಝುಲ್ಮೀರಾ ತನ್ನದರಲ್ಲಿ ಅರ್ಧ ಕೊಟ್ಟಳು. ಕೇಳಿದವರಿಗೆ ಒಂದು ಹಿಡಿ ಹಿಟ್ಟು ಕೊಡುವ ಕೈ, ಮಾತ್ರೆಗೆ ಮಾತ್ರ ಯಾಕೆ ಹಿಂದೆಗೆಯಬೇಕು?

"ಈ ವಾರ ಅವನು ಎಂಜಿನ್ ರಿಪೇರಿಗೆ ಅಂತ ಸಾಲ್ವಡೋರ್ ಪೇಟೆಗೆ ಹೋದ. ನಾಲ್ಕು ಚಂದ್ರ ಹಾಗೇ ಉಳೀತು. ಶುಕ್ರವಾರ ನೀನು ಬರ್ತೀಯ, ಎಣಿಸ್ತೀಯ, ಬೀದಿಗೆಲ್ಲ ಕೇಳೋ ಹಾಗೆ ಬೈತೀಯ. ಔಷಧಿ ಎಸೆಯೋಕೆ ಮನಸ್ಸು ಬರಲ್ಲ. ಅದಕ್ಕೆ ಬೆಳಿಗ್ಗೆ ನನ್ನ ಸೂರ್ಯನ ಜೊತೆ ನಾಲ್ಕನ್ನೂ ನುಂಗಿಬಿಟ್ಟೆ."

"ಸತ್ತೇ ಹೋಗ್ತಿದ್ರಿ!"

"ಸಾಯೋದಕ್ಕಿಂತ ನಿನ್ನ ಬಾಯಿಗೆ ಹೆದರಿದ್ದೆ ಕಣೇ."

ಐವನೆಟೆ ಎದ್ದು ಹೊರಗಿನ ಬೆಂಚಿನ ಮೇಲೆ ಕೂತಳು. ನಾಚಿಕೆಯಿಂದ ಮುಖ ಸುಡುತ್ತಿತ್ತು. ತಾಯಿಯನ್ನು ಕೆಡವಿದ್ದು ಯಾರಿಗೂ ಗೊತ್ತಿಲ್ಲದ ರೋಗ. ಇವಳನ್ನು ಕೆಡವಿದ್ದು ತಾನು.

ಝುಲ್ಮೀರಾ ಭಾನುವಾರ ಮನೆಗೆ ಬಂದಳು. ಹೊಸ ಮಾತ್ರೆ ನಿಂತಿತು, ಹಳೆಯದು ಪೂರ್ತಿ ಅವಳದೇ ಎಂದಾಯಿತು. ಸೋಮವಾರ ವಲ್ದೆಮಾರ್ ಟೋಪಿ ಹಿಂಡುತ್ತಾ ಆರೋಗ್ಯ ಕೇಂದ್ರದ ಬಾಗಿಲಲ್ಲಿ ನಿಂತಿದ್ದ. ಐವನೆಟೆ ತೋಳಿಗೆ ಪಟ್ಟಿ ಸುತ್ತಿದಳು. ನೂರಾ ತೊಂಬತ್ತು.

"ಬರೀಲೇಬೇಕಾ?"

"ಬರೀಲೇಬೇಕು. ಪರವಾನಗಿ ವಿಷಯ ಡಾಕ್ಟರನ್ನ ನಾನೇ ಕೇಳ್ತೀನಿ. ಮೊದಲು ಮನುಷ್ಯ ಉಳೀಬೇಕಲ್ಲ."

ಅವನು ತಲೆಯಾಡಿಸಿದ. "ಬರೀರಿ. ಕೊಮಾದ್ರೆ ಬಿದ್ದದ್ದು ನನ್ನ ಪಾಲಿನ ಮಾತ್ರೆ ನುಂಗಿ."

ಅವಳು ಹೆಸರು ಬರೆದಳು, ಅಂಕಿ ಬರೆದಳು. ಆಮೇಲೆ ಇಪ್ಪತ್ತಮೂರು ವರ್ಷದಲ್ಲಿ ಯಾರನ್ನೂ ಕೇಳದ ಒಂದು ಮಾತನ್ನು, ದನಿ ಏರಿಸದೆ ಕೇಳಿದಳು:

"ಚಂದ್ರನ ಪೊಟ್ಟಣ ಪೂರ್ತಿ ನೀವೊಬ್ರೇ ತಿಂತಿದ್ರಾ?"

ವಲ್ದೆಮಾರ್ ಹಿಂಡಿದ ಟೋಪಿಯನ್ನು ಮೊಣಕಾಲ ಮೇಲೆ ಇಟ್ಟ.

"ದಿನ ಬಿಟ್ಟು ದಿನ," ಎಂದ. "ಇನ್ನೊಂದು ದಿನದ್ದು ನನ್ನ ತಮ್ಮನಿಗೆ."