ಪಕ್ಕದ ಮಂಚದ ಪದಬಂಧ

ಡಯಾಲಿಸಿಸ್ ವಾರ್ಡಿನಲ್ಲಿ ನನ್ನ ಪಕ್ಕದ ಮಂಚದವರು ಸರ್ಕಾರಿ ಬಸ್ಸು ಓಡಿಸಿ ರಿಟೈರಾದ ಡ್ರೈವರು. ಬಹಳ ದಿನ ನಾವು ಒಬ್ಬರನ್ನೊಬ್ಬರು ಮಾತಾಡಿಸಿರಲೇ ಇಲ್ಲ. ಹಟವೇನೂ ಅಲ್ಲ, ಮಾತಾಡುವಷ್ಟು ತ್ರಾಣ ನನಗಿರಲಿಲ್ಲ. ಹೊನ್ನವಳ್ಳಿಯಿಂದ ಬಸ್ಸು ಹತ್ತಿ ತಿಪಟೂರಿಗೆ ಬಂದು, ತೂಕ ನೋಡಿಸಿಕೊಂಡು, ಎಡಗೈ ಚಾಚಿ ಮಲಗಿದರೆ ಅಲ್ಲಿಗೆ ನನ್ನ ಕೆಲಸ ಮುಗಿಯಿತು. ಎರಡು ಸೂಜಿ ಚುಚ್ಚುತ್ತಿದ್ದರು. ಮಿಕ್ಕಿದ್ದನ್ನು ಮಿಷನ್ನು ನೋಡಿಕೊಳ್ಳುತ್ತಿತ್ತು. ರಕ್ತವನ್ನು ಹೊರಗೆ ಕರೆದುಕೊಂಡು ಹೋಗಿ, ತೊಳೆದು, ತಿರುಗಿ ಒಳಗೆ ಬಿಡುತ್ತಿತ್ತು. ಅಷ್ಟು ಹೊತ್ತೂ ನಾನು ಸೂರು ನೋಡುತ್ತಾ ಬಿದ್ದಿರಬೇಕು. ವಾರಕ್ಕೆರಡು ಸಲ ಇದು. ಉಳಿದ ದಿನ ಹೈಸ್ಕೂಲಿನಲ್ಲಿ ವಿಜ್ಞಾನದ ಪಾಠ. ಎಷ್ಟೋ ವರ್ಷ ಬೋರ್ಡಿನ ಮೇಲೆ ಅವರೆಬೀಜದ ಆಕಾರದಲ್ಲಿ ಎರಡು ಮೂತ್ರಪಿಂಡ ಬರೆದು, ಬಾಣದ ಗುರುತು ಹಾಕಿ, ಮಕ್ಕಳಿಗೆ ಹೆಸರು ಹೇಳಿಕೊಟ್ಟವಳು ನಾನು. ಈಗ ಆ ಪಾಠ ಬಂದರೆ ಕೂತುಕೊಂಡೇ ಮಾಡುತ್ತೇನೆ.

ಒಂದು ದಿನ ಪಕ್ಕದ ಮಂಚದಿಂದ ಮಾತು ಕೇಳಿಸಿತು.

"ಹೊತ್ತು ಕದಿಯೋ ಕಳ್ಳತನ. ಐದಕ್ಷರ."

ನರ್ಸಿಗೆ ಏನೋ ಹೇಳುತ್ತಿದ್ದಾರೆ ಅಂದುಕೊಂಡೆ. ನರ್ಸು ಆ ಕಡೆ ಕೊನೆಯ ಮಂಚದ ಹತ್ತಿರ ಇದ್ದಳು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಮಾತು, ಈ ಸಲ ಬೇಸರದಲ್ಲಿ. ನಾನು ಕಣ್ಣು ಮುಚ್ಚಿಕೊಂಡೇ ಹೇಳಿದೆ.

"ಕಾಲಹರಣ."

"ಆ? ಏನಂದ್ರಿ?"

"ಕಾಲಹರಣ. ಕಾಲ ಅಂದ್ರೆ ಹೊತ್ತು, ಹರಣ ಅಂದ್ರೆ ಕದಿಯೋದು."

ಕಾ, ಲ, ಹ ಅಂತ ಆ ಕಡೆ ಎಣಿಸಿಕೊಳ್ಳುವುದು ಕೇಳಿಸಿತು. ಆಮೇಲೆ, "ಕೂತ್ಕೊಂತು ಕಣಮ್ಮ!" ಅಂದರು. ಮಿಷನ್ನಿನ ಸದ್ದಿಗಿಂತ ಜೋರಾಗಿ ನಕ್ಕು, "ನಾವಿಲ್ಲಿ ಮಾಡ್ತಿರೋದೂ ಅದನ್ನೇ ಅಲ್ವಾ ಮತ್ತೆ" ಅಂತ ಸೇರಿಸಿದರು.

ಕತ್ತು ತಿರುಗಿಸಿ ನೋಡಿದೆ. ಎದೆಯ ಮೇಲೆ ಮಡಿಸಿದ ಪೇಪರು, ಅದರಲ್ಲಿ ಅರ್ಧ ಪುಟದ ಪದಬಂಧ. ಒಂದು ಮನೆಯನ್ನೂ ತುಂಬಿರಲಿಲ್ಲ. ಎಡಗೈಯ ರಕ್ತನಾಳ ಕೆಟ್ಟುಹೋದ ಮೇಲೆ ಅವರಿಗೆ ಬಲಗೈಗೇ ಸೂಜಿ ಹಾಕುತ್ತಿದ್ದರು. "ಬರೆಯೋ ಕೈನೇ ಕಟ್ಟಾಕವ್ರೆ ಟೀಚರಮ್ಮ. ಎಲ್ಲಾನೂ ತಲೇಲೇ ಇಟ್ಕೊಬೇಕು. ಮೂರು ಪದ ಇಟ್ಕೊಂಡ್ರೆ ಮೊದಲನೇದು ಬಿದ್ದೋಯ್ತದೆ" ಅಂದರು. ನಾನು ಟೀಚರ್ ಅಂತ ಅವರಿಗೆ ಯಾರು ಹೇಳಿದರೋ ತಿಳಿಯದು. ಅವರು ನನ್ನನ್ನು ಟೀಚರಮ್ಮ ಅಂದರು, ನಾನು ಅವರನ್ನು ಅಣ್ಣ ಅಂದೆ.

ಮುಂದಿನ ಸಲದಿಂದ ನಾನೂ ಬಸ್‌ಸ್ಟ್ಯಾಂಡಿನಲ್ಲಿ ಅದೇ ಪೇಪರು ಕೊಂಡು ಹೋದೆ. ಅವರು ಸುಳಿವು ಓದುವುದು, ನಾನು ನನ್ನ ಪೇಪರಿನಲ್ಲಿ ತುಂಬುವುದು. ಓದುವಾಗ ಅವರ ಗಂಟಲು ಕಂಡಕ್ಟರು ನಿಲ್ದಾಣದ ಹೆಸರು ಕೂಗುವ ಹಾಗೆ ಏಳುತ್ತಿತ್ತು. "ಎಡದಿಂದ ಬಲಕ್ಕೆ, ಏಳು!" ಅಂದರೆ ವಾರ್ಡಿಗೆಲ್ಲ ಕೇಳುತ್ತಿತ್ತು. ಕೆಲವು ಪದ ಬೇಗ ಸಿಗುತ್ತಿದ್ದವು, ಕೆಲವಕ್ಕೆ ಅರ್ಧ ತಾಸು ಹಿಡಿಯುತ್ತಿತ್ತು. ಕಾಲಿನ ಮೀನಖಂಡ ಸೆಟೆದುಕೊಂಡು ನಾನು ಹಲ್ಲು ಕಚ್ಚಿ ಒದ್ದಾಡುವಾಗ ಅವರು ಓದುವುದನ್ನು ನಿಲ್ಲಿಸಿ ಕಾಯುತ್ತಿದ್ದರು. ನೋವು ಇಳಿದ ಮೇಲೆ, "ಎಲ್ಲಿದ್ವಿ?" ಅಂತ ನಾನೇ ಕೇಳಬೇಕು. ಆಗ ಮುಂದಿನದು.

ಒಂದು ದಿನದ ಬಂಧ ನನಗೆ ಈಗಲೂ ನೆನಪಿದೆ. ನಯನ ಬಂತು, ಜಲಜ ಬಂತು, ಸಮಾಸ ಬಂತು, ಗದಗ ಬಂತು. ಇಷ್ಟಾದರೂ ನಮಗೆ ಅದರ ಗುಟ್ಟು ಹೊಳೆದಿರಲಿಲ್ಲ. ಆಮೇಲೆ ಅವರು ಓದಿದರು. "ಒಳಗಿಂದ ನೋಡಿದರೂ ಹೊರಗಿಂದ ನೋಡಿದರೂ ಒಂದೇ ಥರ ಇರುವುದು. ಮೂರು." ಗೋಡೆ ಎರಡೇ ಅಕ್ಷರ. ಬಾಗಿಲಿಗೆ ಮೂರಕ್ಷರ ಇದ್ದರೂ ಕೊನೆಯಲ್ಲಿ 'ಕಿ' ಬೇಕಿತ್ತು. ಔಷಧಿ ಹಾಕಲು ಬಂದ ನರ್ಸು ನಿಂತು ಕೇಳಿ, "ಕಿಟಕಿನಾ?" ಅಂದಳು. ಬರೆದು ನೋಡಿದೆ. ಕಿಟಕಿ. ಹಿಂದಿನಿಂದ ಓದಿದರೂ ಕಿಟಕಿಯೇ. ನಯನವೂ ಹಾಗೇ, ಜಲಜವೂ ಹಾಗೇ. ಇಡೀ ಬಂಧವೇ ಹಿಂದೆ ಮುಂದೆ ಒಂದಾಗುವ ಪದಗಳದ್ದು! ಯಾರೋ ಕಾಣದವರು ಎಲ್ಲೋ ಕೂತು, ನಮ್ಮಂಥವರಿಗಾಗಿ ಇಷ್ಟು ಕುಶಾಲಿನಿಂದ ತಲೆ ಓಡಿಸಿದ್ದಾರಲ್ಲ ಅಂತ ಆ ಬಂಧವನ್ನು ಮತ್ತೆ ಮೊದಲಿಂದ ಓದಿದೆ. ಡ್ರೈವರಣ್ಣ ಮಾತ್ರ, "ಎಂಥಾ ಕಿತಾಪತಿ ನನ್ಮಗ ಇವ್ನು" ಅಂತ ಖುಷಿಯಿಂದ ಬೈದರು.

ಇನ್ನೊಂದು ದಿನ ಅವರು ಸುಳಿವು ಓದಿ ತಾವೇ ತಡೆದು ನಿಂತರು. "ಕಲ್ಪವೃಕ್ಷದ ತಂಪು ಪಾನೀಯ. ನಾಲ್ಕು." ಉತ್ತರ ಇಬ್ಬರಿಗೂ ಗೊತ್ತಿತ್ತು. ನಮಗಿಬ್ಬರಿಗೂ ಎಳನೀರು ಕೂಡದು, ಅದರಲ್ಲಿರುವ ಪೊಟ್ಯಾಸಿಯಂ ಎದೆಬಡಿತವನ್ನೇ ನಿಲ್ಲಿಸಬಹುದು ಅಂತ ಡಾಕ್ಟರು ಮೊದಲ ದಿನವೇ ಹೇಳಿದ್ದರು. ಮನೆಯ ಹಿಂದೆ ತೋಟ, ಕೈಗೆಟುಕುವ ಗಿಡ್ಡ ಗಿಡದಲ್ಲಿ ಗೊನೆ. ನಮ್ಮತ್ತೆಗೆ ಇದು ಇವತ್ತಿಗೂ ನಂಬಿಕೆಯಿಲ್ಲ. "ಕಾಯಿಲೆಯವ್ರಿಗೆ ಎಳ್ನೀರು ಬ್ಯಾಡ ಅನ್ನೋ ಡಾಕ್ಟ್ರು ಅದ್ಯಾವ ಊರೋನೇ?" ಅಂತ ಕೇಳುತ್ತಿರುತ್ತಾರೆ.

ನಾನು ಪೆನ್ನು ಊರುವಷ್ಟರಲ್ಲಿ ಡ್ರೈವರಣ್ಣ ಹೇಳಿದರು.

"ಬರೀಬ್ಯಾಡಿ ಟೀಚರಮ್ಮ. ಬರೆದ್ರೂ ಪೊಟ್ಯಾಸಿಯಂ ಏರ್ತದೆ."

ನಗು ಬಂದು ಕೈ ಅಲುಗಿ ಮಿಷನ್ನು ಕಿರುಚಿಕೊಂಡಿತು. ನರ್ಸು ಓಡಿಬಂದು ಇಬ್ಬರಿಗೂ ಬೈದಳು.

ಹಬ್ಬದ ಮಾರನೆಯ ದಿನ ಪೇಪರು ಬರುವುದಿಲ್ಲ. ಅಂಥ ದಿನ ಹೊತ್ತೇ ಹೋಗುತ್ತಿರಲಿಲ್ಲ. ಒಂದು ಸಲ ಡ್ರೈವರಣ್ಣ, "ನಾವೇ ಒಂದು ಸುಳಿವು ಕಟ್ಟಾನ ಬುಡಿ" ಅಂದರು. ಕೊಬ್ಬರಿ ಅನ್ನುವ ಪದ ಹಿಡಿದರು. ಕೊಬ್ಬು ಅದರೊಳಗೇ ಇದೆ, ಮಿಕ್ಕಿದ್ದೇನು ಅಂತ ಬಹಳ ಹೊತ್ತು ಯೋಚಿಸಿದರು. ಹಳೆಗನ್ನಡದ ಪಾಠದಲ್ಲಿ ಅರಿ ಅಂದರೆ ಶತ್ರು ಅಂತ ಕಲಿತದ್ದು ನನಗೆ ಹೊಳೆಯಿತು. "ಕೊಬ್ಬಿಗೆ ಶತ್ರು ಸೇರಿದರೆ ತಿಪಟೂರಿನ ಮಾಲು, ಮೂರಕ್ಷರ." ಸಂಜೆಯವರೆಗೂ ಅವರು ಅದನ್ನು ಬಂದಬಂದವರಿಗೆಲ್ಲ ಕೇಳಿದರು. ಯಾರಿಗೂ ಬರಲಿಲ್ಲ. ಅವತ್ತು ಮನೆಗೆ ಹೋಗುವಾಗ ಮೈ ಸೋತಿತ್ತು, ಆದರೆ ಮನಸ್ಸು ಅಷ್ಟು ಸೋತಿರಲಿಲ್ಲ.

ಆ ಬೇಸಿಗೆಯಲ್ಲಿ ತುರುವೇಕೆರೆಯಲ್ಲಿರುವ ನನ್ನ ಅಕ್ಕ ಬಂದಳು. ಬಂದವಳು ಚಪ್ಪಲಿ ಬಿಡುವ ಮೊದಲೇ, "ನಂದೊಂದು ತಗೊಳೇ. ಎರಡು ಇಟ್ಕೊಂಡು ನಾನೇನು ಮಾಡ್ಲಿ?" ಅಂದಳು. ಬ್ಯಾಗಿನಲ್ಲಿರುವ ಎರಡು ಸೀರೆಯಲ್ಲಿ ಒಂದನ್ನು ಕೊಡುವ ಹಾಗೆ ಹೇಳಿದಳು. ನಾನು ಬೇಡ ಅಂದೆ. ಅವಳು ಬಿಡಲಿಲ್ಲ. ಅವಳ ಯಜಮಾನರೂ ಒಪ್ಪಿದರು. ಬೆಂಗಳೂರಿಗೆ ಹೋಗಿ ಪರೀಕ್ಷೆ ಶುರುವಾಯಿತು. ರಕ್ತದ ಗುಂಪು ಹೊಂದಿತು, ಇನ್ನೇನೇನೋ ಹೊಂದಿದವು. ವಾರ್ಡಿನಲ್ಲಿ ಹೇಳಬಾರದು ಅಂದುಕೊಂಡಿದ್ದೆ, ಆದರೆ ಡ್ರೈವರಣ್ಣನಿಗೆ ಹೇಳಿಬಿಟ್ಟೆ. ಅವರಿಗೆ ವಯಸ್ಸಿನ ಕಾರಣಕ್ಕೆ ಆ ದಾರಿಯೇ ಇರಲಿಲ್ಲ. ಆದರೂ ಮುಖ ಅರಳಿತು. "ಹೋಗಿ ಬನ್ನಿ ತಾಯಿ. ಎಳ್ನೀರು ಕುಡಿಯೋವಾಗ ನನ್ನ ಪಾಲಿಂದೂ ಕುಡೀರಿ" ಅಂದರು.

ಆಮೇಲಿನ ಪರೀಕ್ಷೆಯಲ್ಲಿ ಅಕ್ಕನಿಗೇ ಸಕ್ಕರೆ ಕಾಯಿಲೆ ಇರುವುದು ಗೊತ್ತಾಯಿತು. ಅದು ಆಗಲೇ ಅವಳ ಮೂತ್ರಪಿಂಡಕ್ಕೂ ಕೈ ಹಾಕಿತ್ತು. ಡಾಕ್ಟರು ನನ್ನ ಕಡೆ ನೋಡದೆ ಅವಳಿಗೆ ಹೇಳಿದರು, "ನೀವು ಮೊದಲು ನಿಮ್ಮದನ್ನ ಕಾಪಾಡ್ಕೊಳಿ ಅಮ್ಮ." ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. "ಕೊಡ್ತೀನಿ ಅಂತ ಆಸೆ ಹುಟ್ಟಿಸ್ಬಿಟ್ನಲ್ಲೇ" ಅಂದಳು. "ಬುಡಕ್ಕ, ನೀನು ಮಾತ್ರೆ ಸರಿಯಾಗಿ ತಗೋ" ಅಂದೆ. ನನಗೆ ಅಳು ಬರಲಿಲ್ಲ. ಅಳುವುದಕ್ಕೂ ಒಂದು ಶಕ್ತಿ ಬೇಕು, ಅದು ಅವತ್ತು ನನ್ನಲ್ಲಿ ಇರಲಿಲ್ಲ.

ಮುಂದಿನ ಸರದಿಗೆ ಎಂದಿನ ಹಾಗೆ ಹೋಗಿ ಮಲಗಿದೆ. ನನ್ನನ್ನು ಕಂಡ ಕೂಡಲೇ ಡ್ರೈವರಣ್ಣನಿಗೆ ತಿಳಿದಿರಬೇಕು. ಸೂಜಿ ಹಾಕಿ ಮುಗಿಯುವವರೆಗೂ ಕಾದು, ಕೆಮ್ಮಿ ಗಂಟಲು ಸರಿಮಾಡಿಕೊಂಡು, "ಎಡದಿಂದ ಬಲಕ್ಕೆ, ಒಂದು" ಅಂದರು. ಆಮೇಲೆ ಮೂರು. ಆಮೇಲೆ ಐದು ಅನ್ನಬೇಕಿತ್ತು, ಆರು ಅಂದರು. ನಾನು ಪೇಪರು ನೋಡಿದೆ. ಐದರಲ್ಲಿ ಇದ್ದದ್ದು, "ಕರ್ಣನಂಥ ಕೊಡುಗೈಯವನು. ಎರಡು." ನಾನು ಸದ್ದಿಲ್ಲದೆ ದಾನಿ ಅಂತ ತುಂಬಿದೆ. ಅವರು ಏನೂ ಆಗದವರ ಹಾಗೆ ಮುಂದಕ್ಕೆ ಓದುತ್ತಾ ಹೋದರು. ಅವತ್ತು ನಾನು ಮೊದಲ ಸಲ ಅತ್ತೆ. ಮುಖವನ್ನು ಆ ಕಡೆಗೆ ತಿರುಗಿಸಿಕೊಂಡಿದ್ದೆ. ಅವರ ಓದು ಮಾತ್ರ ನಿಲ್ಲಲಿಲ್ಲ. ಉತ್ತರ ಬಾರದಿದ್ದರೂ ಒಂದೊಂದನ್ನೇ ನಿಧಾನವಾಗಿ ಓದಿ, ನಡುವೆ ಸ್ವಲ್ಪ ಜಾಗ ಬಿಟ್ಟು, ಇನ್ನೊಂದಕ್ಕೆ ಹೋಗುತ್ತಿದ್ದರು.

ಈಗ ನಾವು ಪಕ್ಕದ ಮಂಚದವರಲ್ಲ. ಅವರನ್ನು ಕರೆತರುವ ಅಳಿಯನಿಗೆ ಕೆಲಸದ ಹೊತ್ತು ಬದಲಾಯಿತು, ಅವರು ಬೆಳಗಿನ ಸರದಿಗೆ ಹೋದರು, ನಾನು ಮಧ್ಯಾಹ್ನಕ್ಕೆ ಉಳಿದೆ. ನಾನು ಬರುವಾಗ ಅವರ ಮಂಚದ ಬೆಡ್‌ಶೀಟು ಬದಲಾಗಿರುತ್ತದೆ. ನರ್ಸು ಅವರ ಪೇಪರನ್ನು ನನಗೆ ಕೊಡುತ್ತಾಳೆ. ಎಡಗೈಯಲ್ಲಿ ಬರೆದ, ಗಾಳಿಗೆ ಬಾಗಿದಂಥ ಅಕ್ಷರದಲ್ಲಿ ಅರ್ಧ ಬಂಧ ತುಂಬಿರುತ್ತದೆ. ಕೆಲವು ತಪ್ಪು. ತಿದ್ದಿ, ಉಳಿದದ್ದನ್ನು ನಾನು ತುಂಬುತ್ತೇನೆ. ಕೆಲವು ದಿನ ಪೆನ್ನು ಹಿಡಿಯಲೂ ಆಗುವುದಿಲ್ಲ, ಹಾಗೇ ದಿಂಬಿನ ಕೆಳಗಿಟ್ಟುಕೊಂಡು ನಿದ್ದೆ ಮಾಡುತ್ತೇನೆ.

ಹೋದ ವಾರ ಸಂಜೆ ನಾನು ಮನೆ ಸೇರಿ ಮಲಗಿದ್ದಾಗ ಅವರ ಫೋನು ಬಂತು.

"ಹನ್ನೊಂದು, ಮೇಲಿಂದ ಕೆಳಕ್ಕೆ, ಸಿಕ್ತಾ?"

"ಇಲ್ಲ ಅಣ್ಣ. ಇವತ್ತು ಏನೂ ಆಗ್ಲಿಲ್ಲ. ಸುಸ್ತು."

"ನಂಗೂ ಹಂಗೇ. ಮನೀಕಳಿ, ಮನೀಕಳಿ" ಅಂದು ಇಟ್ಟರು.

ಹೊರಗೆ ಆಗಷ್ಟೇ ಕರೆಂಟು ಬಂದಿತ್ತು. ನಮ್ಮವರು ತೋಟಕ್ಕೆ ನೀರು ಬಿಡಲು ಮೋಟರು ಹಾಕಿದರು. ಅತ್ತೆ ಊಟಕ್ಕೆ ಕರೆಯುತ್ತಿದ್ದರು. ಬಂದೆ ಅಂತ ಹೇಳಿದೆನೋ ಇಲ್ಲವೋ, ಅಷ್ಟರಲ್ಲಿ ಕಣ್ಣು ಮುಚ್ಚಿತು.